ದಂತಚಿಕಿತ್ಸಾರ್ಥವಾದ ದೇಶಾಂತರಗಮನ: ಧಾರವಾಡ ಸೀಮೆಯನ್ನು ಕುರಿತು ಒಂದು ವಿಚಾರ

“ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ” ಎಂಬ ಗಾದೆಯು ಕನ್ನಡನಾಡಿನಲ್ಲೆಲ್ಲ ಪ್ರಸಿದ್ಧವಾದದ್ದು. ನವಲಗುಂದ, ಅಣ್ಣಿಗೇರಿಗಳ ಎರೆಭೂಮಿಯಲ್ಲಿ ಹಿಂಗಾರಿಯ ಕಡಲೆಯು ಮುಖ್ಯ ಬೆಳೆಗಳಲ್ಲೊಂದಾಗಿರುವದರಿಂದ ಆ ಸೀಮೆಯಲ್ಲಿ ಈ ಗಾದೆಗೆ ಲಕ್ಷ್ಯಾರ್ಥದಂತೆ ವಾಚ್ಯಾರ್ಥವೂ ಉಂಟು. ಭೋಗ್ಯವಸ್ತುವೂ ಭೋಗಸಾಮರ್ಥ್ಯವೂ ಒಂದೇ ಕಾಲದಲ್ಲಿ ಕೂಡಿಬರುವದು ದುರ್ಲಭವೆಂಬದು ಅದರ ತಾತ್ಪರ್ಯ. ಹಲ್ಲು ಹೋದರೆ ಹೋದಂತೆಯೇ ಎಂಬ ನಂಬಿಕೆಯ ಮೇಲೆ ಆ ಗಾದೆಯು ನಿಂತಿದೆ. ಈ ಕಾಲದಲ್ಲಾದರೋ ಹುಳುಕು ಹಲ್ಲನ್ನು ಉಳಿಸುವ, ಹೋದ ಹಲ್ಲಿನ ಸ್ಥಾನದಲ್ಲಿ ಬೇರೊಂದನ್ನು ನಿಲ್ಲಿಸುವ ವಿದ್ಯೆಯು ಬೆಳೆದಿದೆ. ಆದರೆ ಆ ವಿದ್ಯೆಯು ಒಂದು ಸ್ಥಳದಲ್ಲಿ, ರೋಗಿಯು ಇನ್ನೊಂದು ಸ್ಥಳದಲ್ಲಿ, ಅದಕ್ಕೆ ಬೇಕಾದ ದ್ರವ್ಯವು ಮತ್ತೊಂದು ಸ್ಥಳದಲ್ಲಿ ಇರುವದರಿಂದ ಜನರು ಹಲ್ಲಿನ ಸಲುವಾಗಿ ಪ್ರಯಾಣ ಮಾಡತೊಡಗಿದ್ದಾರೆ. ಅಮೇರಿಕದವರು ಮೆಕ್ಸಿಕೋ ದೇಶಕ್ಕೆ ಹೋಗುತ್ತಾರೆ. ಆಸ್ಟ್ರಿಯದವರು ಹಂಗೇರಿಗೆ ಹೋಗುತ್ತಾರೆ. ಪರದೇಶದಲ್ಲಿ ನೆಲೆಸಿದ ಕನ್ನಡಿಗರು ಊರಿಗೆ ಬಂದಾಗ ಹಲ್ಲು ತೋರಿಸಿಕೊಳ್ಳುತ್ತಾರೆ. ಕಲಘಟಗಿಯ ಒಕ್ಕಲಿಗನು ಮೋಟಾರು ಬಸ್ಸನ್ನೇರಿ ಹುಬ್ಬಳ್ಳಿಗೋ ಧಾರವಾಡಕ್ಕೋ ಬರುತ್ತಾನೆ. ಇವೆಲ್ಲ ಒಂದೇ ಜಾತಿಯ ಪ್ರಯಾಣಗಳೇ, ಭಿನ್ನವಾದವುಗಳೇ, ಇವುಗಳಿಂದ ಯಾರಿಗೆ ಲಾಭ, ಯಾರಿಗೆ ನಷ್ಟ ಎಂಬದೇ ಪ್ರಕೃತ ವಿಚಾರ.

೧. ‘ದೇಶಾಂತರ’ ಶಬ್ದದ ಅರ್ಥ

ಅನ್ಯವಾದ ದೇಶವೇ ದೇಶಾಂತರವೆಂಬದು ವೈಯಾಕರಣರ ವಿಗ್ರಹ. ಆದರೆ ಎಷ್ಟು ದೂರ ಹೋದರೆ ದೇಶವು ಅನ್ಯವಾಗುತ್ತದೆಂಬದನ್ನು ವ್ಯಾಕರಣವು ಹೇಳುವದಿಲ್ಲ, ಧರ್ಮಶಾಸ್ತ್ರವು ಹೇಳುತ್ತದೆ. ಕಲ್ಯಾಣದ ಚಾಲುಕ್ಯಚಕ್ರವರ್ತಿಯಾದ ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ (ಕ್ರಿ. ಶ. ೧೦೭೬–೧೧೨೬) ಇದ್ದ ವಿಜ್ಞಾನೇಶ್ವರನು ತನ್ನ ಮಿತಾಕ್ಷರೆಯ ಆಶೌಚಪ್ರಕರಣದಲ್ಲಿ ಬೃಹಸ್ಪತಿಯ ಮತವನ್ನು ಉದಾಹರಿಸಿದ್ದಾನೆ. ನಡುವೆ ಮಹಾನದಿಯಾಗಲಿ ಪರ್ವತವಾಗಲಿ ಅಡ್ಡವಾಗಿರುವದು, ಜನರ ಮಾತು ಬೇರೆಯಾಗುವದು, ಇವು ದೇಶಾಂತರದ ಲಕ್ಷಣಗಳು. ಅರುವತ್ತು ಯೋಜನಗಳೆಂದು ಕೆಲವರು, ನಾಲ್ವತ್ತೆಂದು ಬೇರೆ ಕೆಲವರು, ಮೂವತ್ತೆಂದು ಮತ್ತೆ ಕೆಲವರು ಅಳತೆಯನ್ನೂ ಹೇಳುತ್ತಾರೆ.

ಈ ಲಕ್ಷಣದಂತೆ ನೋಡಿದರೆ ನವಲಗುಂದದಿಂದ ಧಾರವಾಡಕ್ಕೆ ಬರುವದು ದೇಶಾಂತರಗಮನವಾಗಲಾರದು. ನಡುವೆ ಮಹಾನದಿಯಿಲ್ಲ, ಪರ್ವತವಿಲ್ಲ, ಮಾತೂ ಒಂದೇ. ಆದರೆ ಆಶೌಚಪ್ರಕರಣದಲ್ಲಿ ಈ ಲಕ್ಷಣವನ್ನು ಹೇಳಿದ ಪ್ರಯೋಜನವೇನೆಂಬದನ್ನು ಗಮನಿಸಬೇಕು. ಮರಣದ ವಾರ್ತೆಯು ಬಂಧುವಿಗೆ ತಕ್ಕ ಕಾಲದಲ್ಲಿ ಮುಟ್ಟುವದೋ ಇಲ್ಲವೋ ಎಂಬದೇ ಅಲ್ಲಿಯ ಪ್ರಶ್ನೆಯು. ಹೊಳೆ ಬೆಟ್ಟಗಳು ವಾರ್ತೆಯನ್ನು ತಡೆಯುವದರಿಂದ ಅವು ಲಕ್ಷಣದೊಳಗೆ ಸೇರಿದವು. ಪ್ರಯೋಜನವು ಬೇರೆಯಾದಾಗ ಲಕ್ಷಣವೂ ಬೇರೆಯಾಗುವದು ನ್ಯಾಯ. ಚಿಕಿತ್ಸೆಯ ವಿಷಯದಲ್ಲಿ ಕೇಳತಕ್ಕ ಪ್ರಶ್ನೆಯು, ರೋಗಿಯು ವೈದ್ಯನ ಬಳಿಗೆ ಎರಡನೆಯ ಸಲ, ಮೂರನೆಯ ಸಲ ಹೋಗಬಲ್ಲನೋ ಇಲ್ಲವೋ ಎಂಬದು. ಆದಕಾರಣ, ಬೇಕಾದಷ್ಟು ಸಲ ಮರಳಿ ಹೋಗಲಿಕ್ಕೆ ರೋಗಿಗೆ ಶಕ್ಯವಾಗದ ಸ್ಥಳವೇ ಅವನ ಪಾಲಿಗೆ ದೇಶಾಂತರ ಎಂದು ಇಲ್ಲಿ ಅರ್ಥಮಾಡಬೇಕು. ಈ ಅರ್ಥದಲ್ಲಿ ಲಂಡನ್ನಿನವನಿಗೆ ಬುಡಾಪೆಸ್ಟು ಹೇಗೋ, ದಿನಗೂಲಿಯ ಮೇಲೆ ಬದುಕುವ ನವಲಗುಂದದ ಹೆಣ್ಣುಮಗಳಿಗೆ ಧಾರವಾಡವೂ ಹಾಗೆಯೇ ಆಗಬಹುದು.

೨. ಚಿಕಿತ್ಸೆಯ ನಾಲ್ಕು ಪಾದಗಳು

ವೈದ್ಯ, ದ್ರವ್ಯ, ಉಪಸ್ಥಾತೃ ಅಂದರೆ ಪರಿಚಾರಕ, ರೋಗಿ ಎಂಬ ನಾಲ್ಕು ಪಾದಗಳ ಮೇಲೆ ಚಿಕಿತ್ಸೆಯು ನಿಲ್ಲುತ್ತದೆಂದೂ ಪ್ರತಿಯೊಂದು ಪಾದಕ್ಕೆ ನಾಲ್ಕು ನಾಲ್ಕು ಗುಣಗಳಿರಬೇಕೆಂದೂ ಆಯುರ್ವೇದದ ಸಿದ್ಧಾಂತ. ರೋಗಿಗೆ ಇರಬೇಕಾದ ಗುಣಗಳಾವವೆಂಬಲ್ಲಿ ಚರಕನಿಗೂ ವಾಗ್ಭಟನಿಗೂ ಇರುವ ಭೇದವು ಗಮನಾರ್ಹವಾಗಿದೆ. ಚರಕಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯದಲ್ಲಿ ಸ್ಮೃತಿ, ನಿರ್ದೇಶಕಾರಿತ್ವ, ಅಭೀರುತ್ವ, ಜ್ಞಾಪಕತ್ವ ಎಂದು ನಾಲ್ಕನ್ನು ಹೇಳಿದೆ. ನೆನಪಿರುವದು, ವೈದ್ಯನು ಹೇಳಿದಂತೆ ನಡೆಯುವದು, ಅಂಜದಿರುವದು, ತನ್ನ ಬಾಧೆಯನ್ನು ತಿಳಿಯಹೇಳಬಲ್ಲವನಾಗಿರುವದು ಎಂದು ಅವುಗಳ ಅರ್ಥ. ಅಷ್ಟಾಂಗಹೃದಯದಲ್ಲಿ ವಾಗ್ಭಟನು ಹೇಳುವ ನಾಲ್ಕು ಗುಣಗಳು ಆಢ್ಯತ್ವ, ಭಿಷಗ್ವಶ್ಯತ್ವ, ಜ್ಞಾಪಕತ್ವ, ಸತ್ತ್ವ ಎಂಬವು. ಎರಡನ್ನೂ ಹೊಂದಿಸಿ ನೋಡಿದರೆ ಚರಕನ ‘ಸ್ಮೃತಿ’ಯು ಇದ್ದ ಸ್ಥಳದಲ್ಲಿ ವಾಗ್ಭಟನು ‘ಆಢ್ಯ’ ಅಂದರೆ ಹಣವುಳ್ಳವನು ಎಂಬ ಗುಣವನ್ನು ಇಟ್ಟಿರುವದು ಕಂಡುಬರುತ್ತದೆ.

ವಾಗ್ಭಟನು ಬಡವರ ವಿಷಯದಲ್ಲಿ ನಿರ್ದಯನೆಂದು ಇದರಿಂದ ತಿಳಿಯಲಾಗದು. ಹಣವಿಲ್ಲದೆ ಚಿಕಿತ್ಸೆಯು ಸಾಗದೆಂಬ ಲೋಕಸ್ಥಿತಿಯನ್ನು ಅವನು ಮುಚ್ಚದೆ ಹೇಳಿದ್ದಾನೆ, ಇಷ್ಟೇ. ಚರಕನಿಗೂ ಇದು ತಿಳಿಯದ್ದಲ್ಲ. ಉಪಕಲ್ಪನೀಯವೆಂಬ ಹದಿನೈದನೆಯ ಅಧ್ಯಾಯದಲ್ಲಿ ಅರಸರಿಗೂ ಸಿರಿವಂತರಿಗೂ ಬೇಕಾದ ಸಕಲ ಸಾಮಗ್ರಿಯನ್ನು ವಿಸ್ತಾರವಾಗಿ ವರ್ಣಿಸಿದ ತರುವಾಯ, ಎಲ್ಲ ಮನುಷ್ಯರಿಗೂ ಎಲ್ಲ ಸಾಧನಗಳಿರುವದಿಲ್ಲ, ಆದರೆ ದಾರುಣವಾದ ರೋಗಗಳು ದರಿದ್ರರನ್ನು ಬಿಟ್ಟುಹೋಗುವದಿಲ್ಲ, ಆದ್ದರಿಂದ ಬಡವನು ಆಪತ್ತಿನಲ್ಲಿ ತನ್ನ ಶಕ್ತಿಗೆ ದೊರೆತಷ್ಟರಿಂದಲೇ ಚಿಕಿತ್ಸೆ ಮಾಡಿಕೊಳ್ಳಬೇಕು ಎಂಬ ಅಭಿಪ್ರಾಯವನ್ನು ಹೇಳಿದ್ದಾನೆ. ಬಡವರಿಗಾಗಿ ಸಮಾಜವು ಏರ್ಪಾಡು ಮಾಡಿದ ಉದಾಹರಣೆಗಳೂ ಕನ್ನಡನಾಡಿನಲ್ಲಿ ಇವೆ. ಶಿಕಾರಿಪುರ ತಾಲೂಕಿನ ಬಳ್ಳಿಗಾವೆಯ ಕೋಡಿಯಮಠವನ್ನು ಕ್ರಿ. ಶ. ೧೧೬೨ರ ಶಾಸನವು ವಿದ್ಯಾಸ್ಥಾನವೆಂದು ಮಾತ್ರವಲ್ಲದೆ ಅನಾಥರಾದ ರೋಗಿಗಳ ಔಷಧಸ್ಥಾನವೆಂದೂ ಹೊಗಳುತ್ತದೆ. ವಿದ್ಯೆಯನ್ನು ಕಲಿಸುವ ಸ್ಥಳವೇ ಬಡರೋಗಿಗೆ ಆಶ್ರಯವಾಗುವ ಈ ಪದ್ಧತಿಯು ಮುಂದೆ ಹೇಳಲಿರುವ ದಂತವಿದ್ಯಾಲಯಗಳಲ್ಲಿ ಬೇರೊಂದು ರೂಪದಿಂದ ಕಾಣಬರುವದು.

೩. ಶಾಸ್ತ್ರದಲ್ಲಿ ದಂತರೋಗ, ಹಳ್ಳಿಯಲ್ಲಿ ಅದರ ಉಳಿವು

ಸುಶ್ರುತನು ಮುಖರೋಗಗಳು ಅರುವತ್ತೈದೆಂದು ಗಣಿಸಿದ್ದಾನೆ: ತುಟಿಯಲ್ಲಿ ೮, ದಂತಮೂಲದಲ್ಲಿ ೧೫, ದಂತದಲ್ಲಿ ೮, ನಾಲಗೆಯಲ್ಲಿ ೫, ಅಂಗುಳಿನಲ್ಲಿ ೯, ಕಂಠದಲ್ಲಿ ೧೭, ಬಾಯಿಯೆಲ್ಲವನ್ನೂ ವ್ಯಾಪಿಸುವವು ೩. ಹಲ್ಲಿನ ರೋಗಗಳಿಗಿಂತ ಒಸಡಿನ ರೋಗಗಳನ್ನು ಸುಮಾರು ಇಮ್ಮಡಿಯಾಗಿ ಎಣಿಸಿರುವದು ಅವನ ಸೂಕ್ಷ್ಮದೃಷ್ಟಿಗೆ ಸಾಕ್ಷಿ. ಹಲ್ಲಿಗೆ ಹತ್ತಿದ ಗಟ್ಟಿಮಲವಾದ ದಂತಶರ್ಕರೆಯನ್ನು ಒಸಡಿಗೆ ನೋವಾಗದಂತೆ ಕೆರೆದು ತೆಗೆಯಬೇಕೆಂದು ಅವನು ವಿಧಿಸಿದ್ದಾನೆ. ಅವನ ಇಪ್ಪತ್ತು ಶಸ್ತ್ರಗಳಲ್ಲಿ ‘ದಂತಶಂಕು’ವೂ ಒಂದು. ಇಂದಿನ ದವಾಖಾನೆಗಳಲ್ಲಿ ‘ಹಲ್ಲು ಕ್ಲೀನ್ ಮಾಡುವದು’ ಎಂದು ಹೇಳುವ ಕ್ರಿಯೆಯ ಉದ್ದೇಶವು ಇದೇ.

ಆದರೆ ಶಾಸ್ತ್ರದ ಒಂದು ಮಾತು ಕಾಲಾಂತರದಲ್ಲಿ ಹಾನಿಗೂ ಕಾರಣವಾಗಿದೆ. ಬೇರು ಗಟ್ಟಿಯಾಗಿರುವ ಮೇಲಿನ ಹಲ್ಲನ್ನು ಕಿತ್ತರೆ ಅತಿಯಾಗಿ ರಕ್ತ ಹೋಗಿ ಘೋರರೋಗಗಳು ಬರುವವು, ಮನುಷ್ಯನು ಒಕ್ಕಣ್ಣನಾಗಬಹುದು, ಮುಖವು ಸೊಟ್ಟಾಗುವ ಅರ್ದಿತವಾತವು ಬರಬಹುದು, ಆದ್ದರಿಂದ ಅಲುಗಾಡುತ್ತಿದ್ದರೂ ಮೇಲಿನ ಹಲ್ಲನ್ನು ಕೀಳಬಾರದೆಂದು ಸುಶ್ರುತನು ಚಿಕಿತ್ಸಾಸ್ಥಾನದಲ್ಲಿ ಹೇಳಿದ್ದಾನೆ. “ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತದೆ” ಎಂಬ ಹಳ್ಳಿಗರ ಭಯವು ಈ ವಚನದೊಡನೆ ಹೊಂದುತ್ತದೆ. ಸ್ಥಾನಿಕ ಅರಿವಳಿಕೆಯಿಲ್ಲದೆ, ರಕ್ತವನ್ನು ನಿಲ್ಲಿಸುವ ಇಂದಿನ ಉಪಾಯಗಳಿಲ್ಲದೆ ಇದ್ದ ಕಾಲದಲ್ಲಿ ಆ ಎಚ್ಚರಿಕೆಯು ಯುಕ್ತವೇ ಆಗಿದ್ದಿತು. ಹಲ್ಲುಗಳ ಕೆಲಸಕ್ಕೆ ಯೋಗ್ಯವಾದ ಪ್ರೊಕೇನ್ ಎಂಬ ಅರಿವಳಿಕೆಯು ಬಳಕೆಗೆ ಬಂದದ್ದು ೧೯೦೫ರಲ್ಲಿ. ನೋಟವನ್ನು ಒಯ್ಯುವ ನರವೇ ಬೇರೆ, ಮೇಲಿನ ಹಲ್ಲುಗಳ ವೇದನೆಯನ್ನು ಒಯ್ಯುವ ನರವೇ ಬೇರೆ ಎಂಬದು ಶಾರೀರಶಾಸ್ತ್ರದಿಂದ ನಿಶ್ಚಿತವಾದದ್ದು. ಹಲ್ಲು ಕೀಳುವದರಿಂದ ದೃಷ್ಟಿಯು ಹೋಗುವದಿಲ್ಲ. ಪ್ರತಿಯಾಗಿ, ಕೊಳೆತ ಮೇಲ್ದವಡೆಯ ಹಲ್ಲನ್ನು ಹಾಗೆಯೇ ಬಿಟ್ಟರೆ ಅದರ ಕೀವು ಮುಖಕ್ಕೂ ಕಣ್ಣಿನ ಸುತ್ತಲಿನ ಭಾಗಕ್ಕೂ ಹಬ್ಬುವ ಸಂಭವವುಂಟು. ಕಣ್ಣಿನ ಭಯದಿಂದ ಹಲ್ಲು ಕೀಳಿಸದವನೇ ಕಣ್ಣಿಗೆ ಅಪಾಯವನ್ನು ತಂದುಕೊಳ್ಳುವ ವೈಪರೀತ್ಯವು ಇದು.

‘ಕೃಮಿದಂತ’ವೆಂಬ ಶಾಸ್ತ್ರನಾಮವೂ ‘ಹುಳುಕು’ ಎಂಬ ಕನ್ನಡ ಮಾತೂ ಹಲ್ಲನ್ನು ಹುಳುವು ತಿನ್ನುತ್ತದೆಂಬ ಭಾವನೆಯಿಂದ ಹುಟ್ಟಿದವು. ಯುರೋಪಿನಲ್ಲಿಯೂ ಇದೇ ಭಾವನೆಯಿದ್ದಿತು. ೧೭೨೮ರಲ್ಲಿ ಫ್ರೆಂಚ್ ದಂತವೈದ್ಯನಾದ ಪಿಯೆರ್ ಫೋಶಾರನು ತನ್ನ ಗ್ರಂಥದಲ್ಲಿ ಅದನ್ನು ತಿರಸ್ಕರಿಸಿದನು. ೧೮೯೦ರಲ್ಲಿ ಡಬ್ಲ್ಯು. ಡಿ. ಮಿಲ್ಲರನು ಬಾಯಿಯೊಳಗಿನ ಸೂಕ್ಷ್ಮಜೀವಿಗಳು ಆಹಾರದ ಸಕ್ಕರೆಯನ್ನು ಆಮ್ಲವಾಗಿ ಮಾರ್ಪಡಿಸುವವೆಂದೂ ಆ ಆಮ್ಲವೇ ಹಲ್ಲನ್ನು ಕರಗಿಸುವದೆಂದೂ ಪ್ರತಿಪಾದಿಸಿದನು. ಹುಳುವಿಲ್ಲವೆಂದ ಮೇಲೆ ಹೊಗೆ ಹಾಕಿ ಹುಳುವನ್ನು ಬೀಳಿಸುವ ನಾಟಿ ಉಪಾಯಗಳು ನಿಷ್ಫಲವೆಂದು ಬೇರೆ ಹೇಳಬೇಕಾಗಿಲ್ಲ.

೪. ಪಶ್ಚಿಮದವರು ಹಲ್ಲಿಗಾಗಿ ಗಡಿ ದಾಟುವದಕ್ಕೆ ಕಾರಣ

ಸಿರಿವಂತ ದೇಶಗಳ ಜನರು ತಮಗಿಂತ ಬಡದೇಶಗಳಿಗೆ ಹಲ್ಲಿಗಾಗಿ ಹೋಗುವದೇಕೆಂದು ಕೇಳಿದರೆ, ಆ ದೇಶಗಳ ಆರೋಗ್ಯವ್ಯವಸ್ಥೆಯಲ್ಲಿ ಹಲ್ಲನ್ನು ಶರೀರದ ಉಳಿದ ಅಂಗಗಳಿಂದ ಬೇರ್ಪಡಿಸಿರುವದೇ ಮುಖ್ಯ ಕಾರಣವೆಂದು ಹೇಳಬೇಕಾಗುತ್ತದೆ. ಇಂಗ್ಲಂಡಿನಲ್ಲಿ ೧೯೪೮ರ ಜುಲೈ ೫ರಂದು ರಾಷ್ಟ್ರೀಯ ಆರೋಗ್ಯಸೇವೆಯು ಆರಂಭವಾದಾಗ ದಂತಚಿಕಿತ್ಸೆಯೂ ಪುಕ್ಕಟೆಯಾಗಿದ್ದಿತು. ಬಂದ ಜನರ ದಟ್ಟಣೆಯಿಂದ ವೆಚ್ಚವು ಎಣಿಕೆಯನ್ನು ಮೀರಿತು. ೧೯೫೧ರಲ್ಲಿ ಕಟ್ಟಿದ ಹಲ್ಲುಗಳಿಗೂ ಕನ್ನಡಕಗಳಿಗೂ ಶುಲ್ಕ ವಿಧಿಸುವ ನಿರ್ಣಯವಾಗಲು, ಆ ಸೇವೆಯ ನಿರ್ಮಾಪಕನಾದ ಅನ್ಯೂರಿನ್ ಬೆವನ್ನನು ಮಂತ್ರಿಪದವನ್ನು ಬಿಟ್ಟುಕೊಟ್ಟನು. ಮರುವರ್ಷ ಸಾಮಾನ್ಯ ದಂತಚಿಕಿತ್ಸೆಗೂ ಶುಲ್ಕ ಬಂದಿತು. ಅಮೇರಿಕದಲ್ಲಿ ವೃದ್ಧರಿಗಾಗಿ ೧೯೬೫ರಲ್ಲಿ ನಿರ್ಮಿತವಾದ ‘ಮೆಡಿಕೇರ್’ ವಿಮೆಯು ಸಾಧಾರಣ ದಂತಚಿಕಿತ್ಸೆಯನ್ನು ಮೊದಲಿನಿಂದಲೇ ಹೊರಗಿಟ್ಟಿತು. ಹೃದಯದ ಶಸ್ತ್ರಕ್ರಿಯೆಗೆ ವಿಮೆಯಿರುವ ವೃದ್ಧನಿಗೆ ಹಲ್ಲು ಕಟ್ಟಿಸಿಕೊಳ್ಳಲು ಅದರಿಂದ ನೆರವಿಲ್ಲ.

ಇದರ ಫಲವಾಗಿ ಗಡಿಗಳ ಅಂಚಿನಲ್ಲಿ ದಂತವೈದ್ಯರ ಊರುಗಳೇ ಹುಟ್ಟಿಕೊಂಡವು. ಅಮೇರಿಕದ ಅರಿಝೋನಾ ಪ್ರಾಂತದ ಯೂಮಾ ನಗರದ ಸಮೀಪದಲ್ಲಿ, ಗಡಿಯ ಆಚೆಗೆ ಮೆಕ್ಸಿಕೋ ದೇಶದ ಲೋಸ್ ಅಲ್ಗೊಡೋನೆಸ್ ಎಂಬ ಸಣ್ಣ ಊರಿದೆ. ಆ ಸ್ಪ್ಯಾನಿಷ್ ಶಬ್ದಕ್ಕೆ ಹತ್ತಿಯೆಂದರ್ಥ. ಆದರೆ ಈಗ ಅದು ‘ದವಡೆಹಲ್ಲಿನ ಪಟ್ಟಣ’ವೆಂಬ ಅಡ್ಡಹೆಸರಿನಿಂದಲೇ ಪ್ರಸಿದ್ಧ. ಅಮೇರಿಕದ ವೃದ್ಧರು ಗಡಿಯನ್ನು ನಡೆದೇ ದಾಟಿ ಅಲ್ಲಿ ಹಲ್ಲು ಮಾಡಿಸಿಕೊಂಡು ಮರಳುತ್ತಾರೆ. ಹಂಗೇರಿಯ ಪಶ್ಚಿಮದಂಚಿನ ಶೋಪ್ರೋನ್, ಮೋಶೊನ್‌ಮಗ್ಯರೋವಾರ್ ಪಟ್ಟಣಗಳು ಆಸ್ಟ್ರಿಯದವರಿಗೆ ಹಾಗೆಯೇ ಆಗಿವೆ.

ಒಂದೇ ಕ್ರಿಯೆಗೆ ಒಂದು ದೇಶದಲ್ಲಿ ಹೆಚ್ಚು, ಇನ್ನೊಂದು ದೇಶದಲ್ಲಿ ಕಡಿಮೆ ಬೆಲೆಯಾಗುವದಕ್ಕೆ ದ್ರವ್ಯದ ಭೇದವು ಮುಖ್ಯ ಕಾರಣವಲ್ಲ. ತುಂಬುವ ವಸ್ತುವೂ ಲೋಹದ ಗೂಟವೂ ಎಷ್ಟೋ ಸಲ ಒಂದೇ ಕಾರ್ಖಾನೆಯಲ್ಲಿ ಹುಟ್ಟಿದವಾಗಿರುತ್ತವೆ. ಕಟ್ಟಡದ ಬಾಡಿಗೆ, ಪರಿಚಾರಕರ ಸಂಬಳ, ಹಲ್ಲಿನ ಕವಚವನ್ನು ತಯಾರಿಸುವ ಕುಶಲಕರ್ಮಿಯ ಕೂಲಿ, ವೈದ್ಯನು ಓದುವಾಗ ಮಾಡಿದ ಸಾಲ, ತಪ್ಪಿಗೆ ದಂಡ ಕೊಡಬೇಕಾದೀತೆಂದು ಅವನು ಕಟ್ಟುವ ವಿಮೆ ಇವೆಲ್ಲ ಸೇರಿ ಬೆಲೆಯಾಗುತ್ತದೆ. ದಂತಚಿಕಿತ್ಸೆಯಲ್ಲಿ ಕೈಕೆಲಸವೇ ಪ್ರಧಾನವಾದ್ದರಿಂದ ಕೂಲಿಯು ಕಡಿಮೆಯಿರುವ ದೇಶದಲ್ಲಿ ಬೆಲೆಯೂ ಇಳಿಯುತ್ತದೆ. ಆದುದರಿಂದ ಕಡಿಮೆ ಬೆಲೆಯ ಚಿಕಿತ್ಸೆಯು ಕೀಳೆಂದಾಗಲಿ ಹೆಚ್ಚು ಬೆಲೆಯದು ಶ್ರೇಷ್ಠವೆಂದಾಗಲಿ ಬೆಲೆಯೊಂದರಿಂದಲೇ ನಿಶ್ಚಯಿಸಲಾಗದು.

೫. ಧಾರವಾಡ ಸೀಮೆಯ ಸ್ಥಿತಿ

ಭಾರತದಲ್ಲಿ ಆಧುನಿಕ ದಂತವಿದ್ಯೆಯ ಮೊದಲ ಕಾಲೇಜನ್ನು ಡಾ. ರಫೀಉದ್ದೀನ್ ಅಹಮದರು ೧೯೨೦ರಲ್ಲಿ ಕಲಕತ್ತೆಯಲ್ಲಿ ಸ್ಥಾಪಿಸಿದರು. ದಂತವೈದ್ಯರ ನೋಂದಣಿಯನ್ನು ವಿಧಿಸುವ ಶಾಸನವು ೧೯೪೮ರಲ್ಲಿ ಆಯಿತು. ಬೆಂಗಳೂರಿನ ಸರಕಾರಿ ದಂತ ಕಾಲೇಜು ೧೯೫೮ರದು, ಮಣಿಪಾಲದ್ದು ೧೯೬೫ರದು, ಬೆಳಗಾವಿಯ ಕೆ. ಎಲ್. ಇ. ಸಂಸ್ಥೆಯ ದಂತವಿದ್ಯಾಲಯವು ೧೯೮೫ರದು. ಧಾರವಾಡ ಸೀಮೆಗೆ ಈ ವಿದ್ಯೆಯು ೧೯೮೬ರಲ್ಲಿ ಬಂದಿತು. ಆ ವರ್ಷ ಹುಬ್ಬಳ್ಳಿ-ಧಾರವಾಡಗಳ ನಡುವಿನ ಸತ್ತೂರಿನಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ದಂತವಿದ್ಯಾಲಯವು ಆರಂಭವಾಯಿತು.

ದಂತವಿದ್ಯಾಲಯಗಳಲ್ಲಿ ಚಿಕಿತ್ಸೆಯು ಅಗ್ಗವಾಗಿರುವದೇಕೆಂಬದನ್ನು ತಿಳಿಯಬೇಕು. ಅಲ್ಲಿ ವಿದ್ಯಾರ್ಥಿಯು ನಾಲ್ಕು ವರುಷಗಳ ಪಾಠದ ತರುವಾಯ ಒಂದು ವರುಷ ಉಮೇದುವಾರಿಯನ್ನು ಮಾಡುತ್ತಾನೆ. ಹಲ್ಲಿನ ಕೆಲಸವು ಪುಸ್ತಕದಿಂದ ಬರುವಂಥದಲ್ಲವಾದ್ದರಿಂದ ಗುರುಗಳ ಕಣ್ಣೆದುರಿಗೆ ನಿಜವಾದ ರೋಗಿಗಳ ಬಾಯಲ್ಲಿಯೇ ಕಲಿಯಬೇಕಾಗುತ್ತದೆ. ವಿದ್ಯಾರ್ಥಿಗೆ ರೋಗಿಯು ಬೇಕು, ರೋಗಿಗೆ ವೈದ್ಯನು ಬೇಕು. ಈ ಪರಸ್ಪರಾಪೇಕ್ಷೆಯಿಂದಲೇ ಬೆಲೆಯು ಇಳಿಯುತ್ತದೆ. ಇದಕ್ಕೆ ಪ್ರತಿಯಾಗಿ ರೋಗಿಯು ಕೊಡತಕ್ಕದ್ದು ಕಾಲ. ಕಲಿಯುವವನ ಕೈ ನಿಧಾನ. ಪ್ರತಿಯೊಂದು ಹಂತವನ್ನು ಗುರುಗಳು ನೋಡಿ ಒಪ್ಪಬೇಕು. ಖಾಸಗಿ ದವಾಖಾನೆಯಲ್ಲಿ ಒಂದು ಸಲಕ್ಕೆ ಮುಗಿಯುವ ಕೆಲಸಕ್ಕೆ ಇಲ್ಲಿ ಎರಡು ಸಲ ಬರಬೇಕಾದೀತು. ಹಣದ ಉಳಿತಾಯವು ಕಾಲದ ವೆಚ್ಚದಿಂದ ಆಗುತ್ತದೆಂಬದನ್ನು ಮರೆಯಲಾಗದು.

ನಾಲ್ಕು ತಾಲೂಕುಗಳ ದಾರಿಯೂ ಒಂದೇ ಬಗೆಯದಲ್ಲ. ಕುಂದಗೋಳವು ಹುಬ್ಬಳ್ಳಿಗೆ ಸಮೀಪ, ರೈಲ್ವೆಯೂ ಉಂಟು. ಅಣ್ಣಿಗೇರಿಯು ಹುಬ್ಬಳ್ಳಿ-ಗದಗ ರೈಲುಮಾರ್ಗದ ಮೇಲಿದೆ. ಕಲಘಟಗಿಯು ಹುಬ್ಬಳ್ಳಿಯಿಂದ ಕಾರವಾರದ ಕಡೆಗೆ ಹೋಗುವ ಹೆದ್ದಾರಿಯಲ್ಲಿದೆ. ಆದರೆ ಅದರ ಪಶ್ಚಿಮದ ಕಾಡಂಚಿನ ಹಳ್ಳಿಗಳಿಂದ ಕಲಘಟಗಿಗೆ ಬರುವದೇ ಒಂದು ಪ್ರಯಾಣ. ನವಲಗುಂದಕ್ಕೆ ರೈಲ್ವೆಯಿಲ್ಲ, ಅಲ್ಲಿಂದ ಹುಬ್ಬಳ್ಳಿಗೆ ೩೫ರಿಂದ ೪೦ ಕಿಲೋಮೀಟರು, ಸತ್ತೂರಿಗೆ ಸುಮಾರು ೫೦ ಕಿಲೋಮೀಟರು. ೨೦೨೩ರ ಜೂನ್ ೧೧ರಿಂದ ನಡೆಯಲಾರಂಭಿಸಿದ ‘ಶಕ್ತಿ’ ಯೋಜನೆಯಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸರಕಾರಿ ಸಾಧಾರಣ ಬಸ್ಸುಗಳಲ್ಲಿ ಟಿಕೀಟಿನ ಖರ್ಚು ತಪ್ಪಿತು. ಗಂಡಸರಿಗೆ ಈ ಸೌಕರ್ಯವಿಲ್ಲ.

ಪರದೇಶದಿಂದ ಬರುವ ಕನ್ನಡಿಗನ ಸ್ಥಿತಿಯು ಇದಕ್ಕೆ ತೀರ ಬೇರೆ. ಅವನಿಗೆ ಹಣದ ಕೊರತೆಯಿಲ್ಲ, ಅಲ್ಲಿಯ ಬೆಲೆಗೆ ಹೋಲಿಸಿದರೆ ಇಲ್ಲಿಯದು ಹಗುರ. ಆದರೆ ಅವನು ಮರಳಿ ಹೋಗುವ ದಿನವನ್ನು ಗೊತ್ತುಮಾಡಿಕೊಂಡೇ ಬಂದಿರುತ್ತಾನೆ. ವಾಗ್ಭಟನ ಆಢ್ಯತ್ವವು ಅವನಲ್ಲಿದೆ, ಅವಕಾಶವಿಲ್ಲ. ನವಲಗುಂದದವನಲ್ಲಿ ಆಢ್ಯತ್ವವೂ ಇಲ್ಲ, ಅವಕಾಶವೂ ಇಲ್ಲ. ಇಬ್ಬರೂ ಒಂದೇ ದವಾಖಾನೆಯ ಬಾಕಿನ ಮೇಲೆ ಕುಳಿತಿರಬಹುದು. ಇಬ್ಬರ ತೊಡಕೂ ಮರಳಿ ಬರುವದರಲ್ಲಿಯೇ ಇದೆ.

೬. ಬರಬೇಕಾದ ಸಲಗಳ ಲೆಕ್ಕ

ಹಲ್ಲು ಕೀಳಿಸುವದಕ್ಕೆ ಸಾಮಾನ್ಯವಾಗಿ ಒಂದು ಸಲ ಬಂದರೆ ಸಾಕು. ಹಲ್ಲನ್ನು ಉಳಿಸಿಕೊಳ್ಳುವ ‘ರೂಟ್ ಕೆನಾಲ್’ ಎಂಬ ಕ್ರಿಯೆಯಲ್ಲಿ ಹಲ್ಲಿನೊಳಗಿನ ಕೊಳೆತ ಮಜ್ಜೆಯನ್ನು ತೆಗೆದು, ಬೇರಿನ ಕಾಲುವೆಗಳನ್ನು ಶುದ್ಧಮಾಡಿ, ಅವುಗಳನ್ನು ಮುಚ್ಚಿ, ಮೇಲೆ ಕವಚವನ್ನು ಕೂಡಿಸಬೇಕು; ಜನರು ಇದನ್ನು ‘ಕ್ಯಾಪು’ ಎನ್ನುತ್ತಾರೆ. ಕಾಲುವೆಗಳ ಕೆಲಸಕ್ಕೆ ಎರಡು ಮೂರು ಸಲ, ಕ್ಯಾಪಿನ ಅಳತೆಗೆ ಒಂದು, ಕೂಡಿಸುವದಕ್ಕೆ ಒಂದು ಎಂದರೆ ನಾಲ್ಕೈದು ಸಲವಾಯಿತು. ನವಲಗುಂದದಿಂದ ಸತ್ತೂರಿಗೆ ಐದು ಸಲ ಹೋಗಿ ಬಂದರೆ ಒಂದು ಹಲ್ಲಿಗಾಗಿ ೫೦೦ ಕಿಲೋಮೀಟರು ಪ್ರಯಾಣ, ಐದು ದಿನದ ಕೂಲಿಯ ನಷ್ಟ. ಮೊದಲನೆಯ ಸಲದಲ್ಲಿಯೇ ನೋವು ನಿಲ್ಲುವದರಿಂದ ರೋಗಿಯು ಗುಣವಾಯಿತೆಂದು ಬಗೆದು ಎರಡನೆಯ ಸಲ ಬರುವದನ್ನು ಬಿಡುತ್ತಾನೆ. ನೋವು ನಿಂತದ್ದು ರೋಗಶಾಂತಿಯಲ್ಲ. ತಾತ್ಕಾಲಿಕವಾಗಿ ಮುಚ್ಚಿದ ಪದಾರ್ಥವು ಸವೆದು ಹಲ್ಲು ಮತ್ತೆ ಕೊಳೆಯುತ್ತದೆ, ಇಲ್ಲವೆ ಕಡಕ್ ರೊಟ್ಟಿಯನ್ನು ಕಚ್ಚಿದಾಗ ಸೀಳುತ್ತದೆ. ಕೊನೆಗೆ ಕೀಳಿಸುವದೇ ಆಗುತ್ತದೆ. ಹೀಗೆ ಕೊಟ್ಟ ಹಣವೂ ಹೋಯಿತು, ಹಲ್ಲೂ ಹೋಯಿತು. ಇದನ್ನು ಬಲ್ಲ ಬಡವನು ಮೊದಲೇ “ಕಿತ್ತು ಹಾಕಿಬಿಡ್ರಿ” ಎನ್ನುವದು ಅಜ್ಞಾನದಿಂದಲ್ಲ, ಲೆಕ್ಕದಿಂದ.

ಕಟ್ಟಿದ ಹಲ್ಲುಗಳ ಸೆಟ್ಟಿನ ವಿಷಯವೂ ಹೀಗೆಯೇ ಇದೆ. ಕರ್ನಾಟಕ ಸರಕಾರದ ‘ದಂತಭಾಗ್ಯ’ ಯೋಜನೆಯಲ್ಲಿ ಬಡತನದ ರೇಖೆಯ ಕೆಳಗಿನ ಹಿರಿಯರಿಗೆ ದಂತವಿದ್ಯಾಲಯಗಳ ಮುಖಾಂತರ ಪೂರ್ಣ ದಂತಪಂಕ್ತಿಯನ್ನು ಪುಕ್ಕಟೆಯಾಗಿ ಕೊಡುವ ಏರ್ಪಾಡಾಯಿತು. ಇದು ಶ್ಲಾಘ್ಯವಾದದ್ದು. ಆದರೆ ಮೊದಲನೆಯ ಅಚ್ಚು, ಎರಡನೆಯ ಅಚ್ಚು, ಮೇಲಿನ ಕೆಳಗಿನ ದವಡೆಗಳ ಸಂಬಂಧದ ಅಳತೆ, ಮೇಣದ ಮೇಲೆ ಜೋಡಿಸಿ ನೋಡುವದು, ಕೊಡುವದು ಎಂದು ಪದ್ಧತಿಯಂತೆ ಐದು ಹಂತಗಳಿವೆ. ಆಮೇಲೆ ಚುಚ್ಚುವ ಸ್ಥಳಗಳನ್ನು ಸವರಿಸಿಕೊಳ್ಳುವದಕ್ಕೆ ಮತ್ತೆ ಒಂದೆರಡು ಸಲ. ಮುದುಕಿಯು ಬಸ್ಸಿನಲ್ಲಿ ಪುಕ್ಕಟೆಯಾಗಿ ಬರಬಹುದು. ಕೈಹಿಡಿದು ಕರೆತರುವ ಮಗನಿಗೆ ಟಿಕೀಟೂ ಬೇಕು, ಅಂದಿನ ದುಡಿಮೆಯೂ ಹೋಗಬೇಕು.

ಪರದೇಶದಿಂದ ಬಂದವರಿಗೆ ಮುಖ್ಯವಾಗಿ ಬೇಕಾದದ್ದು ದವಡೆಯ ಎಲುಬಿನಲ್ಲಿ ಲೋಹದ ಗೂಟವನ್ನು ನೆಟ್ಟು ಅದರ ಮೇಲೆ ಹಲ್ಲನ್ನು ನಿಲ್ಲಿಸುವ ‘ಇಂಪ್ಲಾಂಟ್’ ಕ್ರಿಯೆಯು. ಸ್ವೀಡನ್ನಿನ ಬ್ರೋನೆಮಾರ್ಕನು ೧೯೬೫ರಲ್ಲಿ ಮನುಷ್ಯನಲ್ಲಿ ಇದನ್ನು ಮೊದಲು ಪ್ರಯೋಗಿಸಿದನು. ಟೈಟಾನಿಯಮ್ ಲೋಹದೊಡನೆ ಎಲುಬು ಬೆಸೆದುಕೊಳ್ಳಲು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಬೇಕಾಗುತ್ತವೆ. ಮೂರು ವಾರದ ರಜೆಯಲ್ಲಿ ಬಂದವನಿಗೆ ಎಲ್ಲವನ್ನೂ ಮುಗಿಸಿಕೊಡುವೆನೆಂದು ಯಾರಾದರೂ ಹೇಳಿದರೆ, ಕೆಲವು ಆಯ್ದ ಪ್ರಸಂಗಗಳನ್ನು ಬಿಟ್ಟು, ಅವನು ಎರಡು ಸಲ ವಿಚಾರಮಾಡತಕ್ಕದ್ದು. ಅರೆಬರೆ ತುಂಬಿದ ಹಲ್ಲಿನಿಂದ ವಿಮಾನವನ್ನೇರಿದರೆ ವಾಯುವಿನ ಒತ್ತಡದ ಏರಿಳಿತದಿಂದ ಹಲ್ಲು ನೋಯುವದುಂಟೆಂದೂ ವೈದ್ಯರು ಹೇಳುತ್ತಾರೆ. ಮರಳಿದ ಮೇಲೆ ತೊಂದರೆಯಾದರೆ ಅಲ್ಲಿಯ ವೈದ್ಯನು ಪರರು ಆರಂಭಿಸಿದ ಕೆಲಸವನ್ನು ಮುಂದುವರಿಸಲು ಹಿಂಜರಿಯುತ್ತಾನೆ.

೭. ಆಕ್ಷೇಪಗಳು, ಸಮಾಧಾನಗಳು

ಕೀಳಿಸುವದೇ ಸುಲಭವಾಗಿರುವಾಗ ಉಳಿಸುವ ಹಟವೇಕೆಂಬದು ಮೊದಲನೆಯ ಆಕ್ಷೇಪ. ಇದಕ್ಕೆ ಸಮಾಧಾನ: ಒಂದು ಹಲ್ಲು ಹೋದರೆ ಪಕ್ಕದವು ಆ ತೆರಪಿನ ಕಡೆಗೆ ವಾಲುತ್ತವೆ, ಎದುರಿನದು ಉದ್ದವಾಗಿ ಇಳಿಯುತ್ತದೆ, ಸಂದುಗಳಲ್ಲಿ ಆಹಾರವು ಸಿಕ್ಕು ಅವೂ ಕೆಡುತ್ತವೆ. ಜೋಳದ ರೊಟ್ಟಿಯೂ ಕಾಳುಕಡಿಯೂ ಮುಖ್ಯ ಆಹಾರವಾದ ಸೀಮೆಯಲ್ಲಿ ದವಡೆಹಲ್ಲು ಹೋದವನ ಪೋಷಣೆಯು ಕುಂದುತ್ತದೆ.

ಪರದೇಶದವರ ಬರವಿನಿಂದ ಬೆಲೆ ಏರಿ ಹಳ್ಳಿಗರಿಗೆ ಸ್ಥಳವಿಲ್ಲದಂತಾಗುವದಿಲ್ಲವೇ ಎಂಬದು ಎರಡನೆಯದು. ಖಾಸಗಿ ದವಾಖಾನೆಗಳಲ್ಲಿ ಹೆಚ್ಚು ಕೊಡುವವನ ಕಡೆಗೆ ಒಲವು ಹುಟ್ಟುವದು ಅಸಂಭವವಲ್ಲ. ಕರ್ನಾಟಕದ ೨೦೦೭ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಶಾಸನವು ನೋಂದಣಿಯನ್ನೂ ಶುಲ್ಕವನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸುವದನ್ನೂ ವಿಧಿಸಿರುವದರಿಂದ, ಹಳ್ಳಿಗನಾಗಲಿ ಪರದೇಶದವನಾಗಲಿ ಆ ಪಟ್ಟಿಯನ್ನು ಕೇಳುವದು ಅವನ ಹಕ್ಕು. ವಿದ್ಯಾಲಯಗಳಲ್ಲಾದರೋ ಬಡರೋಗಿಯಿಲ್ಲದೆ ವಿದ್ಯಾರ್ಥಿಯ ಪಾಠವೇ ಸಾಗದು. ಅಲ್ಲಿ ಹಳ್ಳಿಗನು ಯಾಚಕನಲ್ಲ, ವಿದ್ಯಾದಾನಕ್ಕೆ ಸಹಕಾರಿ.

ಹಳ್ಳಿಗಳಲ್ಲಿ ಶಿಬಿರಗಳು ನಡೆಯುತ್ತಿರುವಾಗ ಈ ಚಿಂತೆಯೇಕೆಂಬದು ಮೂರನೆಯದು. ಶಿಬಿರದಲ್ಲಿ ಬಾಯಿ ನೋಡಿ “ಧಾರವಾಡಕ್ಕೆ ಬರ್ರಿ” ಎಂದು ಚೀಟಿ ಕೊಟ್ಟರೆ ಪ್ರಯಾಣವು ತಪ್ಪಲಿಲ್ಲ. ಪ್ರತಿಯೊಂದು ತಾಲೂಕಿನಲ್ಲಿ ನಿಯತವಾದ ದಿನದಂದು, ಸಂತೆಯ ದಿನವಾದರೆ ಇನ್ನೂ ಲೇಸು, ಅದೇ ವೈದ್ಯರು ಮತ್ತೆ ಮತ್ತೆ ಬಂದು ಆರಂಭಿಸಿದ್ದನ್ನು ಅಲ್ಲಿಯೇ ಮುಗಿಸಿದರೆ ಮಾತ್ರ ದೇಶಾಂತರವು ಸ್ವದೇಶವಾಗುವದು. ಐದು ಜನ ರೋಗಿಗಳು ಐದೈದು ಸಲ ಬರುವದಕ್ಕಿಂತ ಒಬ್ಬ ವೈದ್ಯನು ಐದು ಸಲ ಹೋಗುವದು ಲಾಘವವೆಂಬದು ಗಣಿತದಿಂದಲೂ ಸಿದ್ಧ.

೮. ಸ್ಮೃತಿ ಮತ್ತು ಜ್ಞಾಪಕತ್ವ

ವಾಗ್ಭಟನು ಬಿಟ್ಟ, ಚರಕನು ಹೇಳಿದ ‘ಸ್ಮೃತಿ’ಯ ಬೆಲೆಯು ಇಲ್ಲಿ ಗೊತ್ತಾಗುತ್ತದೆ. ಹಲವು ವೈದ್ಯರ ಕೈಯಲ್ಲಿ ಹಾದುಬರುವ ರೋಗಿಯು ಯಾವ ಹಲ್ಲಿಗೆ ಏನು ಮಾಡಿದರು, ಏನು ಉಳಿದಿದೆ, ಎಂದು ಬರಬೇಕು ಎಂಬದನ್ನು ನೆನಪಿಟ್ಟು ಹೇಳಬಲ್ಲವನಾಗಬೇಕು. ಬರವಣಿಗೆಯೇ ಸ್ಮೃತಿಗೆ ಆಧಾರ. ಆದರೆ ಬರವಣಿಗೆಯ ಸಂಕೇತವೂ ಎಚ್ಚರಿಕೆಯಿಂದ ತಿಳಿಯತಕ್ಕದ್ದು. ಭಾರತದಲ್ಲಿ ಬಳಕೆಯಲ್ಲಿರುವ ಅಂತರರಾಷ್ಟ್ರೀಯ ಎಣಿಕೆಯಲ್ಲಿ ‘೧೬’ ಎಂದರೆ ಬಲಗಡೆಯ ಮೇಲಿನ ಮೊದಲನೆಯ ದೊಡ್ಡ ದವಡೆಹಲ್ಲು. ಅಲ್ಲಿ ಮೊದಲ ಅಂಕೆಯು ಬಾಯಿಯ ಪಾದಭಾಗವನ್ನೂ ಎರಡನೆಯದು ನಡುವಿನಿಂದ ಎಣಿಸಿದ ಸ್ಥಾನವನ್ನೂ ಸೂಚಿಸುತ್ತದೆ. ಅಮೇರಿಕದವರು ಹಲ್ಲುಗಳನ್ನು ಒಂದರಿಂದ ಮೂವತ್ತೆರಡರ ವರೆಗೆ ಸಾಲಾಗಿ ಎಣಿಸುವದರಿಂದ ಅವರ ‘೧೬’ ಎಡಗಡೆಯ ಮೇಲಿನ ಕಟ್ಟಕಡೆಯ ಹಲ್ಲು. ಒಂದೇ ಅಂಕೆಗೆ ಎರಡು ಸಂಕೇತಗಳು! ಆದುದರಿಂದ ಚೀಟಿಯಲ್ಲಿ ಅಂಕೆಯ ಜೊತೆಗೆ ‘ಬಲಗಡೆ ಮೇಲಿನ ದವಡೆಹಲ್ಲು’ ಎಂದು ಅಕ್ಷರಗಳಲ್ಲಿಯೂ, ಹಳ್ಳಿಗನ ಚೀಟಿಯಲ್ಲಿ ಕನ್ನಡದಲ್ಲಿಯೇ, ಬರೆದುಕೊಡಬೇಕು. ತನಗೆ ಓದಲು ಬರುವ ಚೀಟಿಯು ಕೈಯಲ್ಲಿದ್ದರೆ “ನೋವು ನಿಂತಿದೆ, ಕೆಲಸ ಮುಗಿದಿಲ್ಲ” ಎಂಬದು ರೋಗಿಗೆ ಮನೆಯಲ್ಲಿಯೂ ನೆನಪಾಗುವದು.

ಭಾಷಾಧ್ಯಾಪಕರಿಗೂ ಇದರಲ್ಲಿ ಕರ್ತವ್ಯವುಂಟು. ತವರ್ಗ, ಲಕಾರ, ಸಕಾರಗಳಿಗೆ ದಂತವೇ ಸ್ಥಾನವೆಂದು ಪಾಠ ಹೇಳುವವರು ಅವರೇ. ತರಗತಿಯಲ್ಲಿ ಸಕಾರವನ್ನು ಸರಿಯಾಗಿ ನುಡಿಯಲಾರದ ಬಾಲಕನ ಬಾಯನ್ನು ಒಮ್ಮೆ ನೋಡಿದರೆ ಎಷ್ಟೋ ಸಲ ದೋಷವು ನಾಲಗೆಯದಲ್ಲ, ಹಲ್ಲಿನದು ಎಂಬದು ತಿಳಿಯುವದು. ಸುಮಾರು ಆರನೆಯ ವರುಷದಲ್ಲಿ ಬರುವ ಮೊದಲನೆಯ ದೊಡ್ಡ ದವಡೆಹಲ್ಲನ್ನು ಹಾಲುಹಲ್ಲೆಂದು ತಿಳಿದು ತಂದೆತಾಯಿಗಳು ಅಲಕ್ಷ್ಯ ಮಾಡುತ್ತಾರೆ. ಅದು ಬಿದ್ದು ಮತ್ತೆ ಹುಟ್ಟುವಂಥದಲ್ಲ. ಹುಳುಕು ಸಣ್ಣದಿರುವಾಗ ಒಂದೇ ಸಲಕ್ಕೆ ತುಂಬಿಸಬಹುದು. ದೊಡ್ಡದಾದ ಮೇಲೆ ಐದು ಸಲ ಅಲೆಯಬೇಕು. ಮೊದಲೇ ನೋಡಿಕೊಂಡವನಿಗೆ ಧಾರವಾಡವು ಸಮೀಪ, ತಡಮಾಡಿದವನಿಗೆ ಅದೇ ದೂರ. ಈ ಒಂದು ಮಾತನ್ನು ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಗಳ ಶಾಲೆಗಳಲ್ಲಿ ಮನದಟ್ಟುಮಾಡಿಸಿದರೆ, ಎರೆಹೊಲದಲ್ಲಿ ಕಡಲೆಯು ಬಂದಾಗ ಅದನ್ನು ಕಡಿಯುವ ಹಲ್ಲೂ ಇರುವದು.